ಚಿಕ್ಕಪ್ಪನ ಹಲ್ಲು

ಆ ಊರಿನ ಒಪೆರಾ ಮಂದಿರದಲ್ಲಿ ವರ್ಷವಿಡೀ ಹತ್ತಾರು ಹಾಡುನಾಟಕಗಳು ನಡೆಯುತ್ತಿದ್ದವು. ಆದರೆ ಜನ ಮುಖ ಮುರಿದುಕೊಂಡು, ಮಾತು ಬಿಟ್ಟು, ನೆಂಟಸ್ತನ ಕೆಡಿಸಿಕೊಳ್ಳುವ ಮಟ್ಟಕ್ಕೆ ಹೋಗುತ್ತಿದ್ದದ್ದು ಒಂದೇ ನಾಟಕಕ್ಕೆ. ಕಥೆ ಬಹಳ ಸರಳ. ಹೆತ್ತವರಿಲ್ಲದ ಎಳೆಯ ದೊರೆ, ಅವನ ಹೆಸರಿನಲ್ಲಿ ರಾಜ್ಯವಾಳುವ ಚಿಕ್ಕಪ್ಪ. ಮೂರನೆಯ ಅಂಕದಲ್ಲಿ ಚಿಕ್ಕಪ್ಪ ಮಗುವಿನ ಹಾಸಿಗೆಯ ಪಕ್ಕದಲ್ಲಿ ಕೂತು ಜೋಗುಳ ಹಾಡುತ್ತಾನೆ. ಹಾಡು ಮುಗಿದ ಮೇಲೆ ದಿಂಬನ್ನೆತ್ತಿ ಮಗುವಿನ ಮುಖಕ್ಕೆ ಒತ್ತುತ್ತಾನೆ. ಆ ಜೋಗುಳವನ್ನು ಹೇಗೆ ಹಾಡಬೇಕು ಅನ್ನುವುದೇ ಜಗಳದ ಮೂಲ.

ಅಭಿಮಾನಿಗಳ ಬಾಯಲ್ಲಿ ಆ ಪಾತ್ರಕ್ಕೆ ಬೇರೆ ಹೆಸರಿರಲಿಲ್ಲ, ಬರೀ ಚಿಕ್ಕಪ್ಪ. "ನೀವು ಯಾರ ಚಿಕ್ಕಪ್ಪನ್ನ ನೋಡಿದೀರಿ?" ಎಂದು ಟಿಕೆಟ್ಟಿನ ಸಾಲಿನಲ್ಲಿ ಯಾರಾದರೂ ಕೇಳಿದರೆ ಅದು ಮನೆತನದ ವಿಚಾರಣೆಯಲ್ಲ, ಯಾವ ಗಾಯಕನನ್ನು ಅಂತ. ಹಿಂದಿನ ತಲೆಮಾರಿನಲ್ಲಿ ಈ ಪಾತ್ರವನ್ನು ಹಾಡಿ ಊರನ್ನೇ ಹುಚ್ಚೆಬ್ಬಿಸಿದವನೊಬ್ಬನಿದ್ದ. ಚಿಕ್ಕಪ್ಪಂದಿರಿಗೆಲ್ಲ ಹಿರಿಯ ಅಂತ ಅವನಿಗೆ ದೊಡ್ಡಪ್ಪ ಎಂದೇ ಹೆಸರು ಬಿದ್ದಿತ್ತು. ದೊಡ್ಡಪ್ಪ ಜೋಗುಳ ಹಾಡುವಾಗ ಮಗುವಿನ ಮುಖದಿಂದ ಕಣ್ಣು ಕೀಳುತ್ತಿರಲಿಲ್ಲ. ಹಣೆ ಸವರುತ್ತಿದ್ದ, ಅಳುತ್ತಿದ್ದ, ಅಳುತ್ತಲೇ ಕೊಲ್ಲುತ್ತಿದ್ದ. ಅವನು ಸತ್ತ ಮೇಲೆ ಬಂದವನು ದಿಂಬು ಒತ್ತಿ ಗಹಗಹಿಸಿ ನಗುತ್ತಿದ್ದ. ಅವನ ಹೆಸರೇ 'ಗಹಗಹ' ಆಯಿತು. ಅವನನ್ನು ಕಂಡರೆ ಆಗದು ಅನ್ನುವುದೊಂದರಲ್ಲಿ ಊರಿನ ಅಭಿಮಾನಿಗಳೆಲ್ಲ ಒಗ್ಗಟ್ಟಾಗಿದ್ದರು.

ದೊಡ್ಡಪ್ಪನ ಪಕ್ಷದವರಲ್ಲಿ ಎಲ್ಲರಿಗಿಂತ ಖಡಕ್ಕಾದವಳು ಹಲ್ಲಿನ ಡಾಕ್ಟರಮ್ಮ. ಮಂದಿರದ ಹಿಂದಿನ ಬೀದಿಯಲ್ಲಿ, ಬೀಗದ ಕೈ ಮಾಡುವವನ ಅಂಗಡಿಯ ಮೇಲೆ ಅವಳ ಕ್ಲಿನಿಕ್ಕು. ಮದುವೆಯಾಗಿರಲಿಲ್ಲ. ಅಪ್ಪ ಅವಳು ಚಿಕ್ಕವಳಿದ್ದಾಗಲೇ ಹೋಗಿದ್ದರು. ಅಕ್ಕನ ಮದುವೆಯಾದ ವರ್ಷ, ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಡುತ್ತಿದ್ದ ಭಾವ ಈ ಹುಡುಗಿಯ ಕೈ ಹಿಡಿದುಕೊಂಡು ಮಂದಿರದ ತುತ್ತತುದಿಯ ಅಗ್ಗದ ಜಾಗಕ್ಕೆ, ನಿಂತು ನೋಡುವವರ ಮಧ್ಯಕ್ಕೆ, ಕರೆದುಕೊಂಡು ಹೋಗಿದ್ದರು. ಅಂದು ದೊಡ್ಡಪ್ಪನ ಚಿಕ್ಕಪ್ಪ. ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು. ಭಾವ ತಮ್ಮ ಕರವಸ್ತ್ರ ಕೊಟ್ಟು, "ಮೂಗು ಸದ್ದು ಮಾಡ್ಬೇಡ ಮರಿ, ಇನ್ನೂ ಒಂದು ಅಂಕ ಇದೆ," ಎಂದಿದ್ದರು. ಅವಳಿಗೆ ಸಂಗೀತ ಕೇಳುವ ಕಿವಿ ಬಂದದ್ದು ಅವರಿಂದ. ಅಪ್ಪ ಎಂದರೆ ಹೀಗಿರುತ್ತಿದ್ದರೇನೋ ಎಂಬ ಕಲ್ಪನೆ ಬಂದದ್ದೂ ಅವರಿಂದಲೇ.

ಅಂಥ ಭಾವ, ನಿವೃತ್ತರಾಗಿ ತಲೆಯೆಲ್ಲ ನೆರೆತ ಮೇಲೆ, ಪಕ್ಷ ಬದಲಿಸಿಬಿಟ್ಟರು.

ಕಾರಣ ಹೊಸಬ. ಈ ವರ್ಷ ಪಾತ್ರಕ್ಕೆ ಬಂದ ಗಾಯಕ ಇದೇ ಊರಿನವನಂತೆ, ಎಲ್ಲೆಲ್ಲೋ ಹಾಡಿ ಹೆಸರು ಮಾಡಿ ಐವತ್ತರ ಹತ್ತಿರಕ್ಕೆ ವಾಪಸು ಬಂದವನು. ಕಂಠ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಜೋಗುಳ ಹಾಡುವಾಗ ಅವನು ಮಗುವಿನ ಕಡೆ ತಿರುಗಿ ಸಹ ನೋಡುತ್ತಿರಲಿಲ್ಲ. ಹಾಸಿಗೆಯ ಅಂಚಿಗೆ ನೆಟ್ಟಗೆ ನಿಂತು, ತನ್ನ ಉಂಗುರ ತಿರುಗಿಸುತ್ತ, ತಣ್ಣಗೆ ಹಾಡಿ ಮುಗಿಸುತ್ತಿದ್ದ. ತಾಲೀಮು ನೋಡಿ ಬಂದವರು ವರದಿ ಒಪ್ಪಿಸಿದ ಭಾನುವಾರವೇ ಡಾಕ್ಟರಮ್ಮ ಅವನಿಗೆ ಫ್ರಿಜ್ಜು ಅಂತ ಹೆಸರಿಟ್ಟಳು.

ಪ್ರತಿ ಭಾನುವಾರ ಮಧ್ಯಾಹ್ನ ಅಕ್ಕನ ಮನೆಯಲ್ಲಿ ಕೂತು ಹಾಡು ಕೇಳುವುದು ಅವರ ಎಷ್ಟೋ ವರ್ಷದ ರೂಢಿ. ಅಕ್ಕನಿಗೆ ಒಪೆರಾ ಎಂದರೆ ತಲೆನೋವು. ಟೀ ತಂದಿಟ್ಟು, ಹೆಣಿಗೆ ಹಿಡಿದುಕೊಂಡು, ಇಬ್ಬರ ವಾದ ಕೇಳುತ್ತ ಕೂರುವಳು.

"ಅಳ್ತಾ ಕೊಲ್ಲೋರು ನಾಟಕದಲ್ಲಿ ಮಾತ್ರ ಸಿಗ್ತಾರೆ," ಎಂದರು ಭಾವ ಅಂದು. "ನಿಜವಾದ ಪಾಪಿ ಹೀಗೇ. ಕೆಲಸ ಮುಗಿಸಿ, ಕೈ ತೊಳ್ಕೊಂಡು ಊಟಕ್ಕೆ ಕೂರ್ತಾನೆ. ಇವನಿಗೆ ಅದು ಅರ್ಥ ಆಗಿದೆ."

"ಹಾಗಾದ್ರೆ ಜೋಗುಳ ಯಾಕೆ ಭಾವ? ಸೀದಾ ದಿಂಬು ಎತ್ಲಿ. ಎಲ್ರೂ ಬೇಗ ಮನೆಗೆ ಹೋಗ್ಬಹುದು."

"ನಿಂಗೆ ಕಣ್ಣೀರು ಬೇಕು. ಕಣ್ಣೀರು ಇಲ್ದಿದ್ರೆ ಕಲೆ ಅಲ್ಲ."

"ನಿಮಗೆ ವಯಸ್ಸಾಯ್ತು, ಅದಕ್ಕೇ ತಣ್ಣಗಿರೋದೆಲ್ಲ ಬುದ್ಧಿವಂತಿಕೆ ಥರ ಕಾಣ್ತಿದೆ."

ಹೆಣಿಗೆಯ ಕಡ್ಡಿಗಳು ನಿಂತವು. "ಇಬ್ರೂ ಬಿಸ್ಕತ್ ತಿನ್ನಿ," ಎಂದಳು ಅಕ್ಕ.

ಮೊದಲ ಪ್ರದರ್ಶನಕ್ಕೆ ಇಬ್ಬರೂ ಒಟ್ಟಿಗೇ ಹೋದರು, ಎರಡನೆಯ ಬಾಲ್ಕನಿಯ ಎಡಗಡೆಗೆ. ಮೂರನೆಯ ಅಂಕ ಬಂತು. ಹೊಸಬ ನೆಟ್ಟಗೆ ನಿಂತು, ಉಂಗುರ ತಿರುಗಿಸುತ್ತ ಹಾಡಿದ. ಹಾಸಿಗೆಯಲ್ಲಿ ಮಲಗಿದ್ದ ಮಗುವಿನ ಪಾತ್ರದ ಹುಡುಗಿ ಅಷ್ಟು ದೊಡ್ಡ ವೇದಿಕೆಯಲ್ಲಿ ಒಂಟಿಯಾಗಿ ಬಿದ್ದಂತೆ ಕಾಣುತ್ತಿದ್ದಳು. ಹಾಡು ಮುಗಿಯಿತು. ದಿಂಬು ಎತ್ತುವ ಮೊದಲು ವಾದ್ಯಗಳೆಲ್ಲ ನಿಲ್ಲುವ ಒಂದು ಘಳಿಗೆ ಇದೆ, ಇಡೀ ಮಂದಿರ ಉಸಿರು ಬಿಗಿಹಿಡಿಯುವ ಘಳಿಗೆ. ಆ ಮೌನದಲ್ಲಿ ಡಾಕ್ಟರಮ್ಮನ ಬಾಯಿಂದ ಮಾತು ಹೊರಬಿದ್ದೇ ಹೋಯಿತು.

"ಮಗು ಕಡೆ ನೋಡಯ್ಯಾ!"

ಕೆಳಗಿನಿಂದ ಯಾರೋ ನಕ್ಕರು. ಇನ್ಯಾರೋ "ಶ್" ಅಂದರು. ಇನ್ನೊಂದು ಮೂಲೆಯಿಂದ "ಸರಿಯಾಗಿ ಹೇಳಿದ್ರಿ!" ಎಂದು ಕೂಗು ಬಂತು. ಹೊಸಬ ಒಂದು ಕ್ಷಣ ತಲೆಯೆತ್ತಿ ಕತ್ತಲೆಯೊಳಗೆ ನೋಡಿದ. ಆಮೇಲೆ ದಿಂಬೆತ್ತಿದ. ಭಾವ ಎದ್ದು, ಸಾಲಿನಲ್ಲಿ ಕೂತವರ ಮಂಡಿಗಳನ್ನು ಸರಿಸಿಕೊಂಡು ಹೊರಟೇಹೋದರು. ಡಾಕ್ಟರಮ್ಮ ಹಿಂದೆಯೇ ಓಡಿ ಮೆಟ್ಟಿಲ ಮೇಲೆ ಹಿಡಿದಳು.

"ಭಾವ, ಬಾಯಿ ತಪ್ಪಿ ಬಂತು."

"ಹಾಡೋವಾಗ ಮಧ್ಯದಲ್ಲಿ ಕೂಗೋದನ್ನ ನಾನು ನಿಂಗೆ ಕಲಿಸಿರ್ಲಿಲ್ಲ ಡಾಕ್ಟ್ರೇ," ಎಂದು ಅವರು ಕೋಟಿನ ಗುಂಡಿ ಹಾಕಿಕೊಂಡರು. ಯಾವಾಗಲೂ ಮರಿ ಎನ್ನುತ್ತಿದ್ದವರ ಬಾಯಿಂದ ಬಂದ ಡಾಕ್ಟ್ರೇ ಎಂಬ ಆ ಒಂದು ಮಾತು ಅವಳಿಗೆ ಕಪಾಳಕ್ಕೆ ಹೊಡೆದ ಹಾಗೆ ತಾಗಿತು. ಅವರು ಒಬ್ಬರೇ ಬಸ್ಸು ಹತ್ತಿದರು.

ಮರುದಿನದ ಪತ್ರಿಕೆಗಳಲ್ಲಿ ಹಾಡಿಗಿಂತ ಕೂಗಿನ ಸುದ್ದಿಯೇ ದೊಡ್ಡದಾಗಿತ್ತು. ಕೂಗಿದ ಹೆಂಗಸು ಯಾರು ಅನ್ನುವುದು ಮಾತ್ರ ಯಾರಿಗೂ ಗೊತ್ತಾಗಲಿಲ್ಲ.

ಮುಂದಿನ ಪ್ರದರ್ಶನದ ದಿನ ಮಧ್ಯಾಹ್ನ ಮಂದಿರದ ಮ್ಯಾನೇಜರು ಕ್ಲಿನಿಕ್ಕಿಗೆ ಫೋನು ಮಾಡಿದ. ತಮ್ಮ ಮಾಮೂಲಿ ಹಲ್ಲಿನ ಡಾಕ್ಟರು ಊರಿನಲ್ಲಿಲ್ಲ, ತಾಲೀಮಿನಲ್ಲಿ ಒಬ್ಬರು ಎಡವಿ ಬಿದ್ದಿದ್ದಾರೆ, ಮುಂದಿನ ಹಲ್ಲು ಮುರಿದಿದೆ, ದಯವಿಟ್ಟು ನೋಡಬೇಕು ಎಂದು ಗೋಗರೆದ. ಡಾಕ್ಟರಮ್ಮ ಕಳಿಸಿ ಅಂದಳು. ಬಂದು ಕುರ್ಚಿಯಲ್ಲಿ ಕೂತವನು ಫ್ರಿಜ್ಜು.

ಬಾಯಿಗೆ ಕರವಸ್ತ್ರ ಒತ್ತಿಕೊಂಡಿದ್ದ. ವೇದಿಕೆಯ ಮೇಲೆ ಎರಡಾಳೆತ್ತರ ಕಾಣುವವನು ಇಲ್ಲಿ ಭುಜ ಕುಗ್ಗಿಸಿಕೊಂಡು, ಕಾಲುಗಳನ್ನು ಎಲ್ಲಿ ಇಡುವುದು ತಿಳಿಯದೆ ಕೂತಿದ್ದ. ಡಾಕ್ಟರಮ್ಮ ಮುಖಗವಸು ಹಾಕಿಕೊಂಡಿದ್ದಳು. ಅವಳ ಕ್ಲಿನಿಕ್ಕಿನಲ್ಲಿ ಎಷ್ಟೋ ವರ್ಷದಿಂದಿದ್ದ ವಯಸ್ಸಾದ ನರ್ಸು ದೀಪ ತಿರುಗಿಸಿ ಕೊಟ್ಟಳು. ಮೇಲಿನ ಸಾಲಿನ ನಡುವಿನ ಹಲ್ಲು ಅರ್ಧಕ್ಕೆ ಓರೆಯಾಗಿ ಹೋಗಿತ್ತು, ಬೇರು ಗಟ್ಟಿಯಾಗಿತ್ತು. ಇಂಜೆಕ್ಷನ್ ಕೊಟ್ಟು, ಒಸಡು ಮರಗಟ್ಟಲು ಕಾದು, ಕೆಲಸ ಶುರುಮಾಡಿದಳು. ಅವನ ಕಣ್ಣು ಚಾವಣಿಯಲ್ಲಿತ್ತು. ಮುಖ ಸ್ವಲ್ಪ ಈಚೆಗೆ ಬೇಕಿತ್ತು.

"ಈ ಕಡೆ ನೋಡಿ," ಎಂದಳು.

ಅವನ ಮೈ ಸೆಟೆದುಕೊಂಡಿತು. ಎಂಜಲು ಎಳೆಯುವ ನಳಿಕೆಯನ್ನು ತಾನೇ ಬಾಯಿಂದ ಕಿತ್ತು ಎದ್ದು ಕೂತ.

"ನೀವೇ ಅಲ್ವಾ?" ತುಟಿ ಮರಗಟ್ಟಿ ಮಾತು ತೊದಲುತ್ತಿದ್ದರೂ ದನಿಯಲ್ಲಿದ್ದ ಉರಿ ಕೇಳಿಸುತ್ತಿತ್ತು. "ಎರಡನೇ ಬಾಲ್ಕನಿ. ಎಡಗಡೆ."

ಅವಳಿಗೆ ಸುಳ್ಳು ಹೇಳಬೇಕೆನಿಸಲಿಲ್ಲ. "ಹೌದು. ನಾನೇ."

"ಸಿಕ್ಕಸಿಕ್ಕವರ ದನಿ ಮರೆಯೋ ಕಿವಿ ಅಲ್ಲ ನಂದು."

"ಒಳ್ಳೇದು. ಬೇರೆ ಡಾಕ್ಟ್ರ ಹತ್ರ ಹೋಗ್ತೀರಾ? ಊರಾಚೆ ಒಬ್ರಿದ್ದಾರೆ. ಹೋಗಿ ಬರೋ ಹೊತ್ತಿಗೆ ಪರದೆ ಎದ್ದಿರತ್ತೆ."

ಅವನು ಗೋಡೆಯ ಗಡಿಯಾರ ನೋಡಿದ. ನರ್ಸು ಹತ್ತಿಯ ಡಬ್ಬಿಯನ್ನು ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ ಸರಿಸುತ್ತ ಕಿವಿ ನೆಟ್ಟಗೆ ಮಾಡಿಕೊಂಡಿದ್ದಳು.

"ನಿಮ್ಮ ಕೈ ನಡುಗಲ್ಲ ತಾನೆ?" ಎಂದ ಅವನು.

"ನಾನು ಏನ್ ಮಾಡ್ತಿದೀನೋ ಅದರ ಕಡೆ ನೋಡ್ಕೊಂಡು ಮಾಡೋಳು. ಒರಗಿಕೊಳ್ಳಿ."

ಅವನು ಹಲ್ಲು ಕಡಿಯಲು ಹೋಗಿ, ಹಲ್ಲಿಲ್ಲದ್ದು ನೆನಪಾಗಿ, ಒರಗಿಕೊಂಡ. ಕೆಲಸದಲ್ಲಿ ಮಾತ್ರ ಡಾಕ್ಟರಮ್ಮ ಒಂದಿಷ್ಟೂ ಲೋಪ ಮಾಡಲಿಲ್ಲ. ಬೇಕೆಂದೇ ಎರಡು ಪಾಲು ಎಚ್ಚರದಿಂದ ಮಾಡಿದಳು. ಇವನ ಕೈಲಿ ಒಂದು ಮಾತು ಅನ್ನಿಸಿಕೊಳ್ಳಬಾರದು ಎಂಬ ಹಟ. ಶಾಶ್ವತವಾದ ಕ್ಯಾಪು ತಯಾರಾಗಲು ಒಂದು ವಾರ ಬೇಕಿತ್ತು. ಅಲ್ಲಿಯವರೆಗೆ ತಾತ್ಕಾಲಿಕವಾಗಿ ಒಂದನ್ನು ಕೂರಿಸಿ, ಅಂಚು ತಿದ್ದಿ, ಕನ್ನಡಿ ಕೊಟ್ಟಳು. ನೋಡಲು ಚೆನ್ನಾಗಿತ್ತು. ಅವನು ಬಾಯಿ ತೊಳೆದುಕೊಂಡು ಜೋಗುಳದ ಮೊದಲ ಸಾಲನ್ನು ಮಾತಿನ ಹಾಗೆ ಹೇಳಿನೋಡಿದ.

"ಸಂಜೆಯಾಯಿತು, ಸದ್ದಿಲ್ಲ, ಸುಮ್ಮನೆ ಮಲಗು ಸಣ್ಣ ದೊರೆ."

ಪ್ರತಿಯೊಂದು 'ಸ'ಕ್ಕೂ ಹಲ್ಲಿನ ಕೆಳಗಿಂದ ಸಣ್ಣ ಸಿಳ್ಳೆ ಹೊರಟಿತು. ನರ್ಸು ಗೋಡೆಯ ಕಡೆ ತಿರುಗಿಕೊಂಡಳು.

"ಇದೇನಿದು?"

"ಅಂಚು ಒಂದು ಚೂರು ಗಿಡ್ಡ ಇದೆ. ಗಾಳಿ ತಪ್ಪಿಸ್ಕೊಳ್ತಿದೆ."

"ಉದ್ದ ಮಾಡಿ ಮತ್ತೆ!"

"ಮಾಡ್ಬಹುದು. ಕೆಳಗಿನ ಹಲ್ಲಿಗೆ ತಾಗತ್ತೆ. ನೀವು ಎರಡನೇ ಅಂಕದಲ್ಲಿ ಗಟ್ಟಿಯಾಗಿ ಕೂಗಿದ ಕೂಡ್ಲೇ ಹಾರಿ ಹೋಗಿ ವಾದ್ಯದವರ ಮಡಿಲಿಗೆ ಬೀಳತ್ತೆ. ಯಾವುದು ಬೇಕು ಹೇಳಿ."

ಅವನು ಬಹಳ ಹೊತ್ತು ಅವಳನ್ನೇ ದಿಟ್ಟಿಸಿದ. ಅವಳು ನಿಜ ಹೇಳುತ್ತಿದ್ದಾಳೋ ಸೇಡು ತೀರಿಸಿಕೊಳ್ಳುತ್ತಿದ್ದಾಳೋ ಎಂದು ಅಳೆಯುವ ನೋಟ. ಕೊನೆಗೆ ಕೋಟು ಎತ್ತಿಕೊಂಡು, ನರ್ಸಿಗೆ ಮಾತ್ರ ತಲೆಬಾಗಿ, ಹೊರಟುಹೋದ.

ಆ ಸಂಜೆ ಡಾಕ್ಟರಮ್ಮ ಮಂದಿರಕ್ಕೆ ಹೋಗಬಾರದೆಂದೇ ಇದ್ದಳು. ಆದರೆ ಕ್ಲಿನಿಕ್ಕಿನ ಬಾಗಿಲು ಹಾಕಿದ ಮೇಲೆ ಕಾಲುಗಳು ತಾವಾಗಿ ಅತ್ತ ನಡೆದವು. ಹುಡುಗಿಯಾಗಿದ್ದಾಗ ನಿಲ್ಲುತ್ತಿದ್ದ ತುತ್ತತುದಿಯ ಜಾಗದಲ್ಲೇ ನಿಂತಳು. ಕೆಳಗೆ ಎರಡನೆಯ ಬಾಲ್ಕನಿಯಲ್ಲಿ ಭಾವನ ಬಿಳಿ ತಲೆ ಕಾಣುತ್ತಿತ್ತು, ಪಕ್ಕದ ಕುರ್ಚಿಯ ಮೇಲೆ ಅವರ ಕೋಟು.

ಹೊಸಬ ಮೊದಲೆರಡು ಅಂಕವನ್ನು ಹೇಗೋ ದಾಟಿಸಿದ. ಮೂರನೆಯದರಲ್ಲಿ ಜೋಗುಳ ಬಂದಾಗ ಅವನು ಎಂದಿನಂತೆ ನೆಟ್ಟಗೆ ನಿಲ್ಲಲಿಲ್ಲ. ನೆಟ್ಟಗೆ ನಿಂತು ಹಾಡಿದರೆ ಸಿಳ್ಳೆ ಇಡೀ ಮಂದಿರಕ್ಕೆ ಕೇಳುತ್ತಿತ್ತು. ಅದಕ್ಕೇ ಹಾಸಿಗೆಯ ಮೇಲೆ ಬಗ್ಗಿದ. ತುಟಿಗಳನ್ನು ಬಿಗಿಮಾಡಿ, ಮುಖವನ್ನು ಮಗುವಿನ ಮುಖದ ಹತ್ತಿರಕ್ಕೆ, ಹತ್ತಿರಕ್ಕೆ ತಂದು, ಸದ್ದನ್ನು ದಿಂಬಿನೊಳಕ್ಕೆ ಬಿಟ್ಟ. ಆದರೂ ಅದು ಕೇಳುತ್ತಿತ್ತು. ಹಾವು ಬುಸುಗುಟ್ಟಿದ ಹಾಗೆ ಸಣ್ಣಗೆ, ಪ್ರತಿ ಸಾಲಿನ ಕೆಳಗೂ ಹರಿದು ಬರುತ್ತಿತ್ತು. ಒಬ್ಬರೂ ನಗಲಿಲ್ಲ. ಡಾಕ್ಟರಮ್ಮನ ಪಕ್ಕದಲ್ಲಿ ನಿಂತಿದ್ದವನು ಕಟಕಟೆಯ ಕಂಬಿಯನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದ. ದಿಂಬು ಇಳಿದಾಗ ಯಾವಳೋ ಹೆಂಗಸು ಅಮ್ಮಾ ಎಂದು ಚೀರಿದಳು. ಪರದೆ ಬಿದ್ದ ಮೇಲಿನ ಚಪ್ಪಾಳೆ ಎಷ್ಟು ಹೊತ್ತಾದರೂ ನಿಲ್ಲಲಿಲ್ಲ.

ಡಾಕ್ಟರಮ್ಮ ಚಪ್ಪಾಳೆ ತಟ್ಟಲಿಲ್ಲ. ಅವಳಿಗೆ ಗೊತ್ತಿತ್ತು, ಅದು ಅಭಿನಯವಲ್ಲ, ಗಿಡ್ಡ ಅಂಚು.

ಆ ಭಾನುವಾರ ಅಕ್ಕ ತಾನೇ ಫೋನು ಮಾಡಿ, "ಬಾರೇ, ಅವರು ಖುಷಿಯಲ್ಲಿದಾರೆ, ಇವತ್ತೇ ರಾಜಿ ಮಾಡ್ಕೊಂಡ್ಬಿಡು," ಎಂದಳು. ಡಾಕ್ಟರಮ್ಮ ಹೋದಳು. ಭಾವ ಖುಷಿಯಲ್ಲೇನೋ ಇದ್ದರು, ಆದರೆ ಅದು ಗೆದ್ದವರ ಖುಷಿ. ಅವಳು ಚಪ್ಪಲಿ ಬಿಡುವುದಕ್ಕೂ ಬಿಡದೆ ಶುರುಮಾಡಿದರು.

"ಕೇಳಿದ್ಯಾ? ಆ ಬುಸ್ ಅನ್ನೋ ಸದ್ದು! ಮೂವತ್ತು ವರ್ಷ ದೊಡ್ಡಪ್ಪ ಹಾಡಿದ್ನಲ್ಲ, ಅವನಿಗೆ ಒಂದ್ಸಲನಾದ್ರೂ ಹೊಳೀತಾ ಅದು? ಜೋಗುಳದ ಒಳಗೇ ಹಾವಿದೆ ಅಂತ ತೋರಿಸ್ಬಿಟ್ಟ. ಮಗು ಕಡೆ ನೋಡು ಅಂತ ಕೂಗಿದ್ಯಲ್ಲ, ನೋಡಿದ! ಹೇಗೆ ನೋಡ್ಬೇಕು ಅಂತ ನಿಂಗೆ ಪಾಠ ಮಾಡಿದ. ಆ ಕೂಗು ಹಾಕಿದವಳ ಬಾಯಿಗೆ ಬೀಗ ಹಾಕಿದ."

"ಭಾವ, ಸಾಕು."

"ಯಾಕೆ ಸಾಕು? ಅಷ್ಟು ಜನದ ಎದುರು ನನ್ನ ಮಾನ ತೆಗೆದೆ. ನನ್ನ ಕೈಹಿಡಿದು ಬಂದ ಹುಡುಗಿಗೆ ಕಿವಿ ಇದೆ ಅಂದ್ಕೊಂಡಿದ್ದೆ. ನಿಂಗಿರೋದು ಬರೀ ಕಣ್ಣೀರಿನ ಚೀಲ. ಒಬ್ಬ ಮಹಾ ಗಾಯಕ ಬೆಳೆಯೋದು ಕಣ್ಣೆದುರಿಗೇ ಇದ್ರೂ ನಿಂಗೆ—"

"ಅದು ಬೆಳವಣಿಗೆ ಅಲ್ಲ, ಹಲ್ಲು!" ಡಾಕ್ಟರಮ್ಮನ ದನಿ ಏರಿತು. "ಅವನ ಮುಂದಿನ ಹಲ್ಲು ಮುರಿದಿತ್ತು. ನಾನೇ ಕೂರಿಸಿದ್ದು. ಗಿಡ್ಡ ಇತ್ತು, ಅದಕ್ಕೇ ಸಿಳ್ಳೆ ಹೊಡೀತಿತ್ತು. ಸಿಳ್ಳೆ ಮುಚ್ಚೋಕೆ ಬಗ್ಗಿದ. ನಿಮ್ಮ ಹಾವು ನನ್ನ ಕ್ಲಿನಿಕ್ಕಲ್ಲಿ ಹುಟ್ಟಿದ್ದು ಭಾವ. ನರ್ಸನ್ನ ಕೇಳಿ ಬೇಕಾದ್ರೆ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ರೋಗಿಯ ವಿಷಯ ಹೊರಗೆ ಆಡಬಾರದೆಂದು ಓದುವ ಕಾಲದಿಂದ ತಲೆಗೆ ತುಂಬಿಕೊಂಡಿದ್ದವಳು ಅವಳು, ಇಷ್ಟು ವರ್ಷದಲ್ಲಿ ಒಮ್ಮೆಯೂ ಮೀರಿರಲಿಲ್ಲ. ಅಕ್ಕನ ಮುಖ ನೋಡಿದರೆ ಅವಳಿಗೂ ಇದು ಅರ್ಥವಾದಂತಿತ್ತು. ಭಾವನ ಮುಖದಿಂದ ಬಣ್ಣ ಇಳಿದುಹೋಗಿತ್ತು.

"ಬೇಕಂತ ಮಾಡಿದ್ಯಾ?" ಎಂದು ನಿಧಾನವಾಗಿ ಕೇಳಿದರು.

"ಏನು?"

"ಕೂಗಿ ಸಾಕಾಗ್ಲಿಲ್ಲ. ಅವನು ಕೈಗೆ ಸಿಕ್ಕ. ಬೇಕಂತ ಗಿಡ್ಡ ಮಾಡಿದ್ಯಾ?"

ನಾನು ಅಂಥವಳಾ ಭಾವ ಎಂದು ಕೇಳಲು ಹೋಗಿ ಬಿಟ್ಟಳು. ಚೀಲ ಎತ್ತಿಕೊಂಡು ಹೊರಟಳು. ಅಕ್ಕ ಬಾಗಿಲವರೆಗೂ ಬಂದು, "ಅವರು ಹಾಗೆ ಅನ್ಬಾರ್ದಿತ್ತು. ನೀನೂ ಹೇಳ್ಬಾರ್ದಿತ್ತು," ಎಂದಷ್ಟೇ ಹೇಳಿದಳು.

ಭಾವ ಯಾರಿಗೆ ಹೇಳಿದರೋ, ಕೇಳಿದವರು ಇನ್ಯಾರಿಗೆ ಹೇಳಿದರೋ, ಮುಂದಿನ ಪ್ರದರ್ಶನದ ಟಿಕೆಟ್ಟಿನ ಸಾಲಿನಲ್ಲಿ ಬೇರೆ ಮಾತೇ ಇರಲಿಲ್ಲ. ಚಿಕ್ಕಪ್ಪ ಹಲ್ಲುಸೆಟ್ಟಿನಿಂದ ಹಾಡಿದನಂತೆ ಎಂದು ಕೆಲವರು ನಕ್ಕರು. ಡಾಕ್ಟರಮ್ಮನೇ ಸೇಡಿಗೆ ಹಲ್ಲು ಕೆಡಿಸಿದಳಂತೆ ಎಂದು ಕೆಲವರು ಹೇಳಿದರು. ಬರುವುದಾಗಿ ಹೇಳಿದ್ದ ಎರಡು ಮೂರು ಜನ ರೋಗಿಗಳು ಬರಲಿಲ್ಲ.

ಹೊಸ ಕ್ಯಾಪು ತಯಾರಾಗಿ ಬಂದ ದಿನ ಹೊಸಬನೂ ಬಂದ. ಬರುತ್ತಾನೆಂದು ಅವಳು ಅಂದುಕೊಂಡಿರಲಿಲ್ಲ. ಕೋಟು ಬಿಚ್ಚದೆ ಕುರ್ಚಿಯ ಪಕ್ಕ ನಿಂತ.

"ಕೂಗಿದವಳು ಯಾರು ಅಂತ ಪತ್ರಿಕೆಯವರು ನನ್ನ ಬೆನ್ನು ಬಿದ್ದಿದ್ರು," ಎಂದ. "ಇಲ್ಲಿಂದ ಹೋದ ದಿನಾನೂ ಕೇಳಿದ್ರು. ನನಗೆ ಗೊತ್ತಿತ್ತು. ಹೇಳ್ಲಿಲ್ಲ. ಹೇಳಿದ್ರೆ ನಿಮ್ಮ ಬಾಗಿಲಿಗೆ ಯಾರೂ ಬರ್ತಿರ್ಲಿಲ್ಲ. ನಿಮ್ಮ ಕೈಲಿ ನನ್ನ ಒಂದು ಹಲ್ಲಿನ ಗುಟ್ಟು ನಾಲ್ಕು ದಿನ ಇಟ್ಕೊಳ್ಳೋಕಾಗ್ಲಿಲ್ಲ."

"ತಪ್ಪಾಯ್ತು," ಎಂದಳು. "ಬಾಯಿಗೆ ಬಂದ್ಬಿಡ್ತು."

"ನಿಮ್ಮ ಬಾಯಿಗೆ ಬಹಳ ಬರತ್ತೆ." ಅವನು ಕೂತು ತಲೆ ಒರಗಿಸಿದ. "ಮುಗಿಸಿ."

ತಾತ್ಕಾಲಿಕದ್ದನ್ನು ತೆಗೆದು, ಹೊಸದನ್ನು ಕೂರಿಸಿ, ಕಚ್ಚಿಸಿ, ತೆಗೆದು, ತಿದ್ದಿ, ಮತ್ತೆ ಕೂರಿಸಿದಳು. ಹೇಳಿನೋಡಿ ಎಂದಾಗ ಅವನು ಹೇಳಲಿಲ್ಲ, ಹಾಡಿದ. ಒರಗಿದಲ್ಲಿಂದಲೇ, ಅರ್ಧ ದನಿಯಲ್ಲಿ, ಚಾವಣಿ ನೋಡುತ್ತ. ಸಂಜೆಯಾಯಿತು, ಸದ್ದಿಲ್ಲ. ಒಂದು 'ಸ'ವೂ ತಪ್ಪಿಸಿಕೊಳ್ಳಲಿಲ್ಲ. ತಟ್ಟೆಯೊಳಗಿನ ಉಪಕರಣಗಳು ಸಣ್ಣಗೆ ಕಂಪಿಸಿದವು.

"ಸರಿಯಾಗಿದೆ," ಎಂದಳು. ಆಮೇಲೆ, ಕೇಳಬಾರದೆಂದುಕೊಂಡೇ ಕೇಳಿದಳು. "ಇವತ್ತು ಬಗ್ಗಿ ಹಾಡ್ತೀರಾ?"

"ಇಲ್ಲ."

"ಜನ ಅದನ್ನೇ ಕಾಯ್ತಿದಾರೆ."

"ಕಾಯ್ಲಿ. ಅವತ್ತು ಪರದೆ ಬಿದ್ದ ಮೇಲೆ ಆ ಹುಡುಗಿ ನನ್ನ ಕೈ ಹಿಡ್ಕೊಂಡು ನಮಸ್ಕಾರಕ್ಕೆ ಬರ್ಬೇಕು. ಬರ್ಲಿಲ್ಲ. ಅವಳಮ್ಮನ ಸೆರಗಿನ ಹಿಂದೆ ನಿಂತಿದ್ಲು. ನಾನು ಅವಳ ಮುಖಕ್ಕೆ ಅಷ್ಟು ಹತ್ರ ಹೋಗಿ ಬುಸ್ ಬುಸ್ ಅಂದ್ರೆ ಅವಳಿಗೆ ಅದು ನಾಟಕ ಅಂತ ಎಷ್ಟು ಹೊತ್ತು ನೆನಪಿರತ್ತೆ? ಅವಳು ಬಿಟ್ಟುಹೋದ್ಲು. ಇವತ್ತು ಬೇರೆ ಮಗು."

"ದೊಡ್ಡಪ್ಪನೂ ಹತ್ರ ಹೋಗ್ತಿದ್ದ," ಎಂದಳು ಡಾಕ್ಟರಮ್ಮ. ಹಳೆಯ ಹಟ ಅಷ್ಟು ಸುಲಭಕ್ಕೆ ಬಿಡುವಂಥದ್ದಲ್ಲ. "ಆದ್ರೆ ಪ್ರೀತಿಯಿಂದ. ಆ ಮಗು ಹೆದರ್ತಿರ್ಲಿಲ್ಲ. ನಾನು ಕಣ್ಣಾರೆ ನೋಡಿದೀನಿ."

ಅವನು ಕುರ್ಚಿಯಿಂದ ಇಳಿದು ಕನ್ನಡಿಯಲ್ಲಿ ಹಲ್ಲು ನೋಡಿಕೊಂಡ. ಮಾತಾಡಿದಾಗ ದನಿ ತಗ್ಗಿತ್ತು, ಆದರೆ ಮೃದುವಾಗಿರಲಿಲ್ಲ.

"ದೊಡ್ಡಪ್ಪನ ಕೊನೇ ವರ್ಷಗಳಲ್ಲಿ ಆ ಮಗು ಯಾರು ಗೊತ್ತಾ? ನಾನು. ಇದೇ ಊರು, ಇದೇ ಮಂದಿರ. ನಿಮ್ಮ ದೊಡ್ಡಪ್ಪ ನಿಜವಾಗ್ಲೂ ಅಳ್ತಿದ್ದ. ಕಣ್ಣೀರು ನನ್ನ ಬಾಯಿಗೆ ಬೀಳ್ತಿತ್ತು. ಆಮೇಲೆ ದಿಂಬನ್ನೂ ನಿಜವಾಗ್ಲೇ ಒತ್ತುತ್ತಿದ್ದ. ತೋರಿಕೆಗಲ್ಲ. ಉಸಿರು ಕಟ್ಟಿ ಕಾಲು ಬಡೀತಿದ್ದೆ. ಎಷ್ಟು ಚೆನ್ನಾಗಿ ಅಭಿನಯ ಮಾಡ್ತಾನೆ ಅಂತ ಎಲ್ರೂ ನನ್ನ ಹೊಗಳ್ತಿದ್ರು. ಹೇಳೋಣ ಅಂದ್ರೆ ಯಾರಿಗೆ ಹೇಳ್ಲಿ? ಅವನು ದೊಡ್ಡಪ್ಪ."

"ಸುಳ್ಳು," ಎಂದಳು ಡಾಕ್ಟರಮ್ಮ. ಆದರೆ ಅವಳ ದನಿಗೇ ಅದರ ಮೇಲೆ ನಂಬಿಕೆ ಇರಲಿಲ್ಲ.

"ಸುಳ್ಳು ಅನ್ಕೊಳ್ಳಿ. ನಿಮಗೆ ಮೇಲಿಂದ ಪ್ರೀತಿ ಕಾಣ್ತಿತ್ತು. ನನಗೆ ದಿಂಬು ಕಾಣ್ತಿತ್ತು."

"ನಾನು ಅವತ್ತು ಅತ್ತಿದೀನಿ. ಆ ಮಗುಗೋಸ್ಕರ."

"ಇಲ್ಲ. ನೀವು ಅತ್ತಿದ್ದು ಅವನಿಗೋಸ್ಕರ. ಪಾಪ, ಎಷ್ಟು ಪ್ರೀತಿ ಇದ್ರೂ ಕೊಲ್ಬೇಕಾಯ್ತಲ್ಲ ಅಂತ." ಅವನು ಕೋಟಿನ ಕಾಲರು ಸರಿಮಾಡಿಕೊಂಡ. "ಈ ಪಾತ್ರ ಕೊಟ್ರೆ ಮಗು ಮುಖ ನೋಡದೆ ಹಾಡ್ತೀನಿ ಅಂತ ಅವತ್ತೇ ಅಂದ್ಕೊಂಡಿದ್ದೆ. ಇದನ್ನೂ ಹೋಗಿ ಹಂಚಿ ಊರಿಗೆಲ್ಲ."

ಅವನು ಬಾಗಿಲು ಹಾಕಿಕೊಂಡು ಹೋದ. ನರ್ಸು ತಟ್ಟೆ ತೊಳೆಯುತ್ತ, "ಪಾಪ ಕಣಮ್ಮ," ಎಂದಳು. ಯಾರಿಗೆ ಅಂದಳೋ ಗೊತ್ತಾಗಲಿಲ್ಲ. ಡಾಕ್ಟರಮ್ಮ ಅವಳಿಗೆ, "ಈ ಮಾತು ಈ ಕೋಣೆ ದಾಟಬಾರ್ದು," ಎಂದಳು. "ನಾನ್ಯಾಕೆ ದಾಟಿಸ್ಲಿ, ನೀವು ನೋಡ್ಕೊಳ್ಳಿ," ಎಂದಳು ನರ್ಸು, ಮುಖಕ್ಕೆ ಹೊಡೆದ ಹಾಗೆ.

ಆ ಸಂಜೆ ಹೊಸಬ ಮೊದಲಿನ ಹಾಗೇ ಹಾಡಿದನಂತೆ, ನೆಟ್ಟಗೆ, ತಣ್ಣಗೆ, ಉಂಗುರ ತಿರುಗಿಸುತ್ತ. ಹಾವಿನ ಸದ್ದು ಕೇಳಲು ಬಂದವರು ಗೊಣಗುತ್ತ ಎದ್ದುಹೋದರಂತೆ. ಡಾಕ್ಟರಮ್ಮ ಹೋಗಿರಲಿಲ್ಲ. ಪ್ರದರ್ಶನಗಳು ಮುಗಿದವು, ಅವನು ಇನ್ನೊಂದು ಊರಿಗೆ ಹೊರಟುಹೋದ.

ಕೆಲವು ವಾರಗಳ ಮೇಲೆ, ಒಂದು ಸಂಜೆ, ಭಾವ ತಾವಾಗಿಯೇ ಅವಳ ಮನೆಗೆ ಬಂದರು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದರು. ಕಂಕುಳಲ್ಲಿ ಒಂದು ಚಪ್ಪಟೆ ಪೊಟ್ಟಣ. ಕೂತು, ನೀರು ಕುಡಿದು, ಬಹಳ ಹೊತ್ತು ಕನ್ನಡಕ ಒರೆಸಿದರು. ಅವರು ಮಾತು ಹುಡುಕುತ್ತಿದ್ದಾರೆಂದು ಅವಳಿಗೆ ಗೊತ್ತಾಯಿತು.

"ನಾನು ಸೋತೆ ಮರಿ," ಎಂದರು ಕೊನೆಗೆ. ಎಷ್ಟೋ ದಿನದ ಮೇಲೆ ಅವರು ಮರಿ ಎಂದದ್ದು ಕೇಳಿ ಅವಳ ಕಣ್ಣು ತುಂಬಿತು. "ಕೊನೇ ದಿನ ನೋಡಿದೆ. ಬರೀ ಮರದ ಕೊರಡು. ಹಲ್ಲು ಸರಿಯಾದ ಕೂಡ್ಲೇ ಬಣ್ಣ ಬಯಲಾಯ್ತು. ನೀನು ಮೊದಲಿಂದ ಹೇಳಿದ್ದೇ ಸರಿ. ದೊಡ್ಡಪ್ಪ ದೊಡ್ಡಪ್ಪನೇ. ನಾನು ನಿನ್ನ ಮೇಲೆ ಆಡಬಾರದ ಮಾತು ಆಡಿದೆ. ಮನಸ್ಸಲ್ಲಿ ಇಟ್ಕೋಬೇಡ."

"ಬಿಡಿ ಭಾವ."

"ನೋಡು, ಏನು ತಂದಿದೀನಿ." ಪೊಟ್ಟಣ ಬಿಚ್ಚಿದರು. ಒಳಗೆ ದೊಡ್ಡಪ್ಪನ ಹಳೆಯ ರೆಕಾರ್ಡು. ಮಂದಿರದಲ್ಲಿ ಜನರೆದುರೇ ಹಾಡಿದಾಗ ಮುದ್ರಿಸಿದ್ದು, ಎಲ್ಲಿಯೂ ಸಿಗದ್ದು. ಯಾರದೋ ಕಾಲು ಹಿಡಿದು ತಂದಿರಬೇಕು. "ಅವನ ಕೊನೇ ವರ್ಷದ್ದು. ನಿನ್ನ ಕರ್ಕೊಂಡು ಹೋಗಿದ್ನಲ್ಲ, ಆ ವರ್ಷದ್ದೇ. ಹಾಕು, ಇಬ್ರೂ ಕೂತು ಕೇಳೋಣ. ದಿಂಬು ಬರೋ ಹೊತ್ತಿಗೆ ಮಗು ಒದ್ದಾಡೋ ಸದ್ದು ಸಹ ಕೇಳತ್ತಂತೆ. ಅಷ್ಟು ಸ್ಪಷ್ಟ."

ಡಾಕ್ಟರಮ್ಮ ಕೈ ಚಾಚಲಿಲ್ಲ.

"ಬೇಡ ಭಾವ."

"ಯಾಕೆ? ಟೀ ಆಮೇಲೆ ಮಾಡುವಂತೆ."

"ನಂಗೆ ಅದು ಕೇಳೋಕಾಗಲ್ಲ. ದಯವಿಟ್ಟು ತಗೊಂಡು ಹೋಗಿ."

ಭಾವ ರೆಕಾರ್ಡನ್ನು ಮಂಡಿಯ ಮೇಲಿಟ್ಟುಕೊಂಡು ಅವಳ ಮುಖವನ್ನೇ ನೋಡಿದರು. ಅವಳಿಗೆ ಎಲ್ಲವನ್ನೂ ಹೇಳಿಬಿಡಬೇಕೆನಿಸಿತು. ನಾಲ್ಕು ಮಾತು ಸಾಕಿತ್ತು. ಹೇಳಿದ್ದರೆ ಅವರು ಆ ರೆಕಾರ್ಡನ್ನು ಮತ್ತೆ ಮುಟ್ಟುತ್ತಿರಲಿಲ್ಲ, ಅವಳ ತಲೆ ಸವರಿ ಕ್ಷಮಿಸುತ್ತಿದ್ದರು. ಮರುದಿನವೇ ಟಿಕೆಟ್ಟಿನ ಸಾಲಿನಲ್ಲಿ ಮ್ಯಾನೇಜರಿಂದ ಹಿಡಿದು ಎಲ್ಲರೂ ಅದನ್ನು ಅಗಿಯುತ್ತಲೂ ಇರುತ್ತಿದ್ದರು. ಅವಳು ಬಾಯಿ ಬಿಗಿಹಿಡಿದಳು.

"ಕಾರಣ ಹೇಳು."

"ಹೇಳೋಕಾಗಲ್ಲ."

"ಗೊತ್ತಾಯ್ತು," ಎಂದರು ಭಾವ. ಎದ್ದರು. ಕಾಗದ ಮತ್ತೆ ಸುತ್ತದೆ ರೆಕಾರ್ಡನ್ನು ಹಾಗೇ ಕಂಕುಳಿಗೆ ತುರುಕಿಕೊಂಡರು. "ಈ ವಯಸ್ಸಲ್ಲಿ ಮೆಟ್ಟಿಲು ಹತ್ತಿ ಬಂದು ಸೋತೆ ಅಂದೆ. ಬಿದ್ದವನನ್ನ ಇನ್ನೊಂದ್ಸಲ ಒದೀತೀಯಲ್ಲ. ದೊಡ್ಡಪ್ಪನ್ನೂ ಬಿಟ್ಟೆ ಅಂದ್ರೆ ನಿಂಗೆ ಸಂಗೀತ ಬೇಕಾಗಿರ್ಲಿಲ್ಲ, ನನ್ನ ಜೊತೆ ಜಗಳ ಬೇಕಾಗಿತ್ತು."

"ಹಾಗಲ್ಲ ಭಾವ—"

"ಇರ್ಲಿ ಡಾಕ್ಟ್ರೇ."

ಅವರು ಇಳಿದುಹೋಗುವ ಸದ್ದನ್ನು ಕೊನೆಯ ಮೆಟ್ಟಿಲವರೆಗೂ ಅವಳು ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು.

ಭಾನುವಾರ ಹೋಗುವುದನ್ನು ಅವಳು ಬಿಡಲಿಲ್ಲ. ಈಗಲೂ ಹೋಗುತ್ತಾಳೆ. ಅಕ್ಕ ಬಾಗಿಲು ತೆಗೆಯುತ್ತಾಳೆ, ಟೀ ತಂದಿಡುತ್ತಾಳೆ, ಹೆಣಿಗೆ ಹಿಡಿದು ಕೂರುತ್ತಾಳೆ. ಭಾವ ಪತ್ರಿಕೆಯ ಹಿಂದಿರುತ್ತಾರೆ. ಹಾಡು ಹಾಕುವುದಿಲ್ಲ. ಅವಳು ಕೆಲಸದ ವಿಷಯ, ಬೀದಿಯ ವಿಷಯ ಒಂದೆರಡು ಮಾತಾಡುತ್ತಾಳೆ, ಅಕ್ಕ ಹೂಂ ಅನ್ನುತ್ತಾಳೆ. ಒಂದು ಭಾನುವಾರ ಭಾವ ಪತ್ರಿಕೆ ಇಳಿಸದೆಯೇ, "ಟೀಗೆ ಸಕ್ಕರೆ ಕಮ್ಮಿ," ಎಂದರು. ಅಕ್ಕ ಕೈಯಲ್ಲಿದ್ದ ಹೆಣಿಗೆ ಬಿಡಿಸಿಕೊಳ್ಳುವಷ್ಟರಲ್ಲಿ ಡಾಕ್ಟರಮ್ಮ ಎದ್ದು ಡಬ್ಬಿ ತಂದು ಅವರ ಪಕ್ಕದಲ್ಲಿಟ್ಟಳು. ಭಾವ ಅದನ್ನು ಮುಟ್ಟಲಿಲ್ಲ. ಟೀಯನ್ನು ಹಾಗೇ ಕುಡಿದು, ಲೋಟ ಕೆಳಗಿಟ್ಟು, ಪುಟ ತಿರುವಿದರು.